ನದಿ ಕೊರೆದ ಹಾದಿಯಲ್ಲಿ ಸೈಕಲ್

ಬೆಟ್ಟದ ಸೀಮೆಯಲ್ಲಿ ಸೈಕಲ್ ತುಳಿಯುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಸುತ್ತ ಎಷ್ಟೇ ಎತ್ತರದ ಬೆಟ್ಟಗಳಿರಲಿ, ನದಿಯ ಪಕ್ಕದಲ್ಲೇ ಸಾಗುವ ರಸ್ತೆ ಕಾಲಿಗೆ ಹಗುರ. ಆ ರಸ್ತೆ ನದಿಯನ್ನು ಬಿಟ್ಟು ಬೆಟ್ಟದ ಕಡೆ ತಿರುಗಿತೋ, ಏದುಸಿರು ಶುರು! ಹೀಗೇಕೆ? ಉತ್ತರ ಹುಡುಕಲು ಫ್ರಾನ್ಸ್ ದೇಶದ ದಕ್ಷಿಣಕ್ಕೆ ಹೋಗೋಣ. ಅಲ್ಲಿ ತಾರ್ನ್ ಎಂಬ ನದಿ ಕೊರೆದಿರುವ ಆಳವಾದ ಕಂದರವಿದೆ. ಅದರೊಳಗಿನ ಕಿರಿದಾದ ರಸ್ತೆಯಲ್ಲಿ ಸೈಕಲ್ ತುಳಿಯಲು ದೂರದೂರದಿಂದ ಜನ ಬರುತ್ತಾರೆ.

ತಾರ್ನ್ ಹುಟ್ಟುವುದು ಲೋಝೇರ್ ಎಂಬ ಗ್ರಾನೈಟ್ ಪರ್ವತದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹರಿದು, ಸುಣ್ಣದ ಕಲ್ಲಿನ ಎತ್ತರದ ಬಯಲನ್ನು ಸೀಳಿಕೊಂಡು ಹೋಗುತ್ತದೆ. ಆ ಬಯಲುಗಳನ್ನು ಅಲ್ಲಿಯವರು ‘ಕೋಸ್’ ಎನ್ನುತ್ತಾರೆ. ಕಂದರದ ಗೋಡೆಗಳು ಹಲವೆಡೆ 400ರಿಂದ 500 ಮೀಟರ್ ಎತ್ತರ. ಮೇಲೆ ಕುರಿ ಮೇಯುವ ಹುಲ್ಲುಗಾವಲು, ಕೆಳಗೆ ಹಸಿರು ನೀರು, ನಡುವೆ ಕಡಿದಾದ ಬಂಡೆ. ಕೋಸ್ ಮತ್ತು ಪಕ್ಕದ ಸೆವೆನ್ ಬೆಟ್ಟಗಳ ಈ ಸೀಮೆಯನ್ನು ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನದಿಯೇ ಹದಮಾಡಿದ ಇಳಿಜಾರು

ಸೇಂತ್-ಎನಿಮಿ ಎಂಬ ಹಳ್ಳಿಯಿಂದ ಹೊರಟು ನದಿಯ ಜೊತೆ ಕೆಳಗೆ ಹೋದರೆ ಲೆ ರೋಝಿಯೆ ಎಂಬ ಹಳ್ಳಿ ಸಿಗುತ್ತದೆ. ನಡುವಿನ ದೂರ ಸುಮಾರು 35 ಕಿಲೋಮೀಟರ್. ಇಷ್ಟು ದೂರಕ್ಕೆ ನದಿ ಇಳಿಯುವುದು 100 ಮೀಟರಿಗಿಂತ ಕಡಿಮೆ. ಅಂದರೆ ಒಂದು ಕಿಲೋಮೀಟರಿಗೆ ಮೂರು ಮೀಟರ್ ಕೂಡ ಇಲ್ಲ.

ಈ ಹದವಾದ ಇಳಿಜಾರನ್ನು ಮಾಡಿದ್ದು ನದಿಯೇ. ಕಡಿದಾದ ಕಡೆ ನೀರು ರಭಸವಾಗಿ ಓಡುತ್ತದೆ, ಮರಳು ಮತ್ತು ಕಲ್ಲುಗುಂಡುಗಳನ್ನು ಉರುಳಿಸಿಕೊಂಡು ತಳವನ್ನು ಉಜ್ಜುತ್ತದೆ. ಆದ್ದರಿಂದ ಕಡಿದಾದ ಭಾಗವೇ ಹೆಚ್ಚು ಸವೆಯುತ್ತದೆ. ಸಮತಟ್ಟಾದ ಕಡೆ ನೀರು ನಿಧಾನವಾಗಿ ಹೋಗಿ, ತಂದ ಮರಳನ್ನು ಅಲ್ಲೇ ಬಿಡುತ್ತದೆ. ಲಕ್ಷಾಂತರ ವರ್ಷ ಹೀಗೇ ನಡೆದರೆ ಉಬ್ಬುತಗ್ಗು ಕಳೆದು, ನದಿಯ ಹಾದಿ ಮೇಲಿನಿಂದ ಕೆಳಗಿನವರೆಗೆ ನಯವಾಗುತ್ತದೆ. ರಸ್ತೆ ಮಾಡಿದವರು ನದಿಯ ಈ ಕೆಲಸದ ಲಾಭ ಪಡೆದರು. ಅಡ್ಡ ಬಂದ ಬಂಡೆಗಳನ್ನು ಒಡೆದು, ಕೆಲವೆಡೆ ಸುರಂಗ ಕೊರೆದು, ನೀರಿನ ಜೊತೆಗೇ ರಸ್ತೆ ಎಳೆದರು.

ಹಾಗಾದರೆ ಇಷ್ಟು ಗಟ್ಟಿ ಕಲ್ಲು ಸವೆದದ್ದು ಹೇಗೆ? ಸುಮಾರು 15ರಿಂದ 20 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಸಮುದ್ರಜೀವಿಗಳ ಚಿಪ್ಪು ಮತ್ತು ಸುಣ್ಣದ ಕೆಸರು ತಳಕ್ಕೆ ಇಳಿದು, ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದಂತೆ ಪದರ ಪದರವಾಗಿ ಕೂತು ಕಲ್ಲಾಯಿತು. ಆಮೇಲೆ ನೆಲ ಮೇಲೆದ್ದಿತು. ಅದು ಏಳುತ್ತ ಹೋದ ಹಾಗೆ ನದಿ ಕೊರೆಯುತ್ತ ಹೋಯಿತು. ಒಂದು ಲೆಕ್ಕ ಮಾಡಿ ನೋಡೋಣ. ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಮಾತ್ರ ಸವೆಯುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಲಕ್ಷ ವರ್ಷಕ್ಕೆ 100 ಮೀಟರ್ ಆಗುತ್ತದೆ! ನೀರಿಗೆ ಮೆತ್ತನೆಯ ಮೈ ಇದ್ದರೇನು, ಅದಕ್ಕೆ ಸಮಯವಿದೆ.

ಒಂದು ಸುತ್ತಿಗೆ ಹದಿನಾರು ಸೆಂಟಿಮೀಟರ್

ದಾರಿಯ ನಡುವೆ ಲಾ ಮಲೆನ್ ಎಂಬ ಹಳ್ಳಿ. ಇಲ್ಲಿ ಸೇತುವೆ ದಾಟಿದರೆ ರಸ್ತೆ ನದಿಯನ್ನು ಬಿಟ್ಟು, ಹೇರ್‌ಪಿನ್ ತಿರುವುಗಳಲ್ಲಿ ಹೊರಳಿ ಹೊರಳಿ ಕೋಸ್ ಮೆಜಾಂ ಎಂಬ ಬಯಲಿಗೆ ಏರುತ್ತದೆ. ಏರಬೇಕಾದ ಎತ್ತರ ಸುಮಾರು 400 ಮೀಟರ್. ನೇರವಾಗಿ ಹತ್ತಲು ಗೋಡೆಯಂಥ ಬಂಡೆ ಬಿಡುವುದಿಲ್ಲ. ಅದಕ್ಕೇ ರಸ್ತೆ ಆ ಎತ್ತರವನ್ನು ಐದಾರು ಕಿಲೋಮೀಟರಿಗೆ ಹಂಚುತ್ತದೆ. ಹಾಗಾಗಿ 100 ಮೀಟರ್ ಮುಂದೆ ಹೋದರೆ ಏಳೆಂಟು ಮೀಟರ್ ಮೇಲೇರುತ್ತೀರಿ.

ರಸ್ತೆ ಹಂಚಿದ್ದನ್ನು ಸೈಕಲ್ಲಿನ ಗೇರ್ ಇನ್ನಷ್ಟು ಹಂಚುತ್ತದೆ. ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ರೇಸ್ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಸಾಗುತ್ತದೆ. ಈ ಏರಿನಲ್ಲಿ ಅಷ್ಟು ಸಾಗಿದರೆ ಮೇಲೇರುವುದು ಸುಮಾರು 16 ಸೆಂಟಿಮೀಟರ್. ಇಂಥ 2,500 ಸುತ್ತು ತುಳಿದರೆ 400 ಮೀಟರ್ ಏರಿದಂತಾಯಿತು!

ಗೇರ್ ಹಾಕಿದರೆ ಕೆಲಸ ಕಡಿಮೆಯಾಗುತ್ತದೆಯೇ? ಇಲ್ಲ. ಒಟ್ಟು ಕೆಲಸ ಅಷ್ಟೇ ಇರುತ್ತದೆ. ಒಂದೊಂದು ಸುತ್ತಿಗೆ ಬೇಕಾದ ಬಲ ಮಾತ್ರ ಕಡಿಮೆಯಾಗುತ್ತದೆ, ಸುತ್ತುಗಳ ಸಂಖ್ಯೆ ಹೆಚ್ಚುತ್ತದೆ. ನೀವು ಮತ್ತು ನಿಮ್ಮ ಸೈಕಲ್ ಸೇರಿ 50 ಕಿಲೋ ತೂಗುತ್ತೀರಿ ಎನ್ನಿ. ಅಷ್ಟು ತೂಕವನ್ನು 400 ಮೀಟರ್ ಎತ್ತಲು ಸುಮಾರು ಎರಡು ಲಕ್ಷ ಜೂಲ್ ಶಕ್ತಿ ಬೇಕು. ನಮ್ಮ ದೇಹ ಬಳಸುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಪೆಡಲಿಗೆ ಸೇರುತ್ತದೆ, ಉಳಿದದ್ದು ಶಾಖವಾಗುತ್ತದೆ. ಅದಕ್ಕೇ ಏರು ಹತ್ತುವಾಗ ಮೈ ಬಿಸಿಯಾಗಿ ಬೆವರುತ್ತದೆ. ಎಲ್ಲ ಸೇರಿ ಲೆಕ್ಕ ಹಾಕಿದರೆ, ಈ ಏರಿಗೆ ಎರಡು ಬಾಳೆಹಣ್ಣಿನ ಶಕ್ತಿ ಸಾಕು.

ಗೇರ್ ಸೈಕಲ್ಲಿಗಾಗಿ ಜೀವನವಿಡೀ ದುಡಿದ ಒಬ್ಬರನ್ನು ಇಲ್ಲಿ ನೆನೆಯಬೇಕು. ಅವರು ಫ್ರಾನ್ಸಿನ ಪಾಲ್ ದ ವಿವಿ (1853–1930). ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಗೇರ್ ಇದ್ದರೆ ಸಾಮಾನ್ಯರೂ ಬೆಟ್ಟ ಹತ್ತಬಹುದು ಎಂದು ಪತ್ರಿಕೆಯಲ್ಲಿ ಬರೆದರು, ತಾವೇ ಹತ್ತಿ ತೋರಿಸಿದರು. ಆದರೆ ಅಂದಿನ ಅನೇಕರಿಗೆ ಗೇರ್ ಎಂದರೆ ತಾತ್ಸಾರ. ಟೂರ್ ದ ಫ್ರಾನ್ಸ್ ಎಂಬ ಹೆಸರಾಂತ ಪಂದ್ಯ 1903ರಲ್ಲೇ ಶುರುವಾದರೂ, ಓಡುವಾಗಲೇ ಬದಲಿಸುವ ಗೇರನ್ನು ಅಲ್ಲಿ ಒಪ್ಪಿದ್ದು 1937ರಲ್ಲಿ. ಅದನ್ನು ನೋಡಲು ವೆಲೋಸಿಯೊ ಬದುಕಿರಲಿಲ್ಲ.

ಮಳೆ ಬಂದರೂ ಹೊಳೆಯಿಲ್ಲದ ಬಯಲು

ಮೇಲೆ ಬಂದರೆ ಗಾಳಿ ತಣ್ಣಗಿದೆ. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ತಂಪಾಗುವುದು ವಾಡಿಕೆ, 400 ಮೀಟರಿಗೆ ಎರಡೂವರೆ ಡಿಗ್ರಿ. ಕಣ್ಣಳತೆಯವರೆಗೆ ಹುಲ್ಲು, ಕಲ್ಲು, ಕುರಿ. ಆದರೆ ಒಂದು ಹಳ್ಳವಿಲ್ಲ, ಒಂದು ತೊರೆಯಿಲ್ಲ! ಕುರಿಗಳಿಗೆ ನೀರು ನಿಲ್ಲಿಸಲು ಇಲ್ಲಿಯ ರೈತರು ತಗ್ಗಿಗೆ ಕಲ್ಲು ಹಾಸಿ ಕೊಳ ಮಾಡಿದ್ದಾರೆ.

ಮಳೆ ಇಲ್ಲಿ ಬೀಳುತ್ತದೆ, ಹಿಮವೂ ಬೀಳುತ್ತದೆ. ಆ ನೀರು ಗಾಳಿಯಿಂದ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಹುಳಿ ನೀರು ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಕೂದಲೆಳೆಯ ಬಿರುಕು ಅಗಲವಾಗಿ, ಬಿಲವಾಗಿ, ಗುಹೆಯಾಗುತ್ತದೆ. ನೀರೆಲ್ಲ ನೆಲದೊಳಕ್ಕೆ ಇಳಿದುಹೋಗುತ್ತದೆ. ಕಂದರದ ಗೋಡೆಗಳು ಇನ್ನೂ ಕಡಿದಾಗಿ ನಿಂತಿರಲು ಇದೂ ಒಂದು ಕಾರಣ. ಮೇಲಿನಿಂದ ಹರಿದು ಅಂಚನ್ನು ತೊಳೆಯುವ ಹಳ್ಳಗಳೇ ಇಲ್ಲವಲ್ಲ!

1897ರಲ್ಲಿ ಲೂಯಿ ಅರ್ಮಾಂ ಎಂಬ ಲೆ ರೋಝಿಯೆಯ ಕಮ್ಮಾರ ಈ ಬಯಲಿನ ಒಂದು ಆಳವಾದ ಬಾವಿಯಂಥ ಬಿಲಕ್ಕೆ ಇಳಿದರು. ಗುಹೆಗಳ ಅಧ್ಯಯನಕ್ಕೆ ಹೆಸರಾದ ಎದುವಾರ್-ಆಲ್ಫ್ರೆದ್ ಮಾರ್ತೆಲ್ ಅವರ ತಂಡದವರು ಅವರು. ಕೆಳಗೆ ಕಂಡದ್ದು ಕಲ್ಲಿನ ಕಂಬಗಳ ಕಾಡು! ನಾನೂರರಷ್ಟು ಕಂಬಗಳು, ಅತಿ ಎತ್ತರದ್ದು ಸುಮಾರು 30 ಮೀಟರ್. ಕರಗಿದ ಸುಣ್ಣ ಹೊತ್ತ ಹನಿ ಗುಹೆಗೆ ಬಂದಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಸುಣ್ಣ ಮತ್ತೆ ಕಲ್ಲಾಗಿ ಉಳಿಯುತ್ತದೆ. ಮೇಲೆ ಕಲ್ಲನ್ನು ಕರಗಿಸಿದ ನೀರೇ ಕೆಳಗೆ ಹನಿಹನಿಯಾಗಿ ಕಂಬ ಕಟ್ಟಿತು. ‘ಅವೆನ್ ಅರ್ಮಾಂ’ ಎಂಬ ಈ ಗುಹೆಯನ್ನು ಇಂದು ಯಾರು ಬೇಕಾದರೂ ನೋಡಬಹುದು.

ಇಂಗಿದ ನೀರು ಕೊನೆಗೆ ಕಂದರದ ಬುಡದಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಸೇಂತ್-ಎನಿಮಿಯ ಬುರ್ಲ್ ಎಂಬ ಬುಗ್ಗೆ ಹೆಸರುವಾಸಿ. ಇಂಥ ನೀರು ಎಷ್ಟು ತಿಳಿಯಾಗಿ ಕಂಡರೂ ಶುದ್ಧವೆಂದು ನಂಬುವಂತಿಲ್ಲ. 1891ರಲ್ಲಿ ಮಾರ್ತೆಲ್ ಒಂದು ಬುಗ್ಗೆಯ ನೀರು ಕುಡಿದು ಕಾಯಿಲೆ ಬಿದ್ದರು. ಹುಡುಕಿದಾಗ, ಮೇಲಿನ ಬಿಲದಲ್ಲಿ ಯಾರೋ ಎಸೆದಿದ್ದ ಸತ್ತ ಕರು ಸಿಕ್ಕಿತು. ಬಿರುಕುಗಳಲ್ಲಿ ಸರಸರನೆ ಇಳಿಯುವ ನೀರು ಮಣ್ಣಿನಲ್ಲಿ ಸೋಸಿಹೋಗುವುದಿಲ್ಲ. ಅವರು ಬಿಡದೆ ಎಚ್ಚರಿಸಿದ್ದರಿಂದ, ಸತ್ತ ಪ್ರಾಣಿಗಳನ್ನು ಬಿಲಗಳಿಗೆ ಎಸೆಯಬಾರದೆಂದು 1902ರಲ್ಲಿ ಫ್ರಾನ್ಸ್ ಕಾನೂನು ಮಾಡಿತು.

ಇಳಿಯುವಾಗ ತಲೆಯೆತ್ತಿ ನೋಡಿ

ಬಯಲಿನ ಆಚೆ ಮೆಯ್ರುಯೆಸ್ ಎಂಬ ಊರಿಗೆ ಇಳಿದರೆ ಜೋಂತ್ ಎಂಬ ಇನ್ನೊಂದು ನದಿಯ ಕಂದರ. ಕಷ್ಟಪಟ್ಟು ಏರಿದ ಎತ್ತರ ಈಗ ವೇಗವಾಗುತ್ತದೆ. ಬ್ರೇಕ್ ಹಿಡಿದರೆ ಆ ವೇಗ ಶಾಖವಾಗಿ ಬ್ರೇಕನ್ನು ಕಾಯಿಸುತ್ತದೆ. ನಿಮ್ಮ ಬಾಳೆಹಣ್ಣಿನ ಶಕ್ತಿ ಎಲ್ಲೂ ಮಾಯವಾಗಲಿಲ್ಲ, ರೂಪ ಬದಲಿಸಿತು ಅಷ್ಟೆ.

ಇಲ್ಲಿ ಸುರಕ್ಷಿತ ಜಾಗದಲ್ಲಿ ನಿಂತು ಮೇಲೆ ನೋಡಿದರೆ ರಣಹದ್ದುಗಳು ಕಾಣುತ್ತವೆ. ರೆಕ್ಕೆ ಚಾಚಿದರೆ ಎರಡೂವರೆ ಮೀಟರ್ ಅಗಲ! ಬಿಸಿಲಿಗೆ ಕಾದ ಬಂಡೆ ಗಾಳಿಯನ್ನು ಬಿಸಿ ಮಾಡುತ್ತದೆ, ಬಿಸಿಗಾಳಿ ಮೇಲೇರುತ್ತದೆ. ಹದ್ದು ಆ ಏರುಗಾಳಿಯನ್ನು ಬಿಟ್ಟು ಹೋಗದಂತೆ ಸುತ್ತು ಹಾಕುತ್ತ, ರೆಕ್ಕೆ ಬಡಿಯದೆ ಎತ್ತರಕ್ಕೆ ಹೋಗುತ್ತದೆ. 1940ರ ದಶಕದಲ್ಲಿ ಈ ಸೀಮೆಯಿಂದ ರಣಹದ್ದು ಅಳಿದುಹೋಗಿತ್ತು. 1981ರಿಂದ ಪಕ್ಷಿಪ್ರಿಯರು ಅವನ್ನು ಮತ್ತೆ ತಂದು ಬಿಟ್ಟರು, ಅವು ಬೆಳೆದವು. ಸತ್ತ ಕುರಿಗಳನ್ನು ತಿಂದು ನೆಲವನ್ನೂ ನೀರನ್ನೂ ಅವು ಕಾಯುತ್ತವೆ. ನಮ್ಮ ದೇಶದಲ್ಲಿ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧದಿಂದ ಇವುಗಳ ಬಂಧುಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದವನ್ನು ಕಾಪಾಡಲು 2012ರಲ್ಲಿ ರಣಹದ್ದು ಧಾಮ ಘೋಷಣೆಯಾಯಿತು. ಫ್ರಾನ್ಸಿನಲ್ಲಿ ಆದದ್ದು ಇಲ್ಲೂ ಆಗಬಹುದು, ಆಗಬೇಕು.

ಲೆ ರೋಝಿಯೆಯಲ್ಲಿ ಜೋಂತ್ ಬಂದು ತಾರ್ನ್ ನದಿಗೆ ಸೇರುತ್ತದೆ. ಇಷ್ಟು ದೂರ ತುಳಿದಾಗ ಕಂಡದ್ದೇನು? ದೊಡ್ಡ ಕೆಲಸಕ್ಕೆ ಯಾವಾಗಲೂ ದೊಡ್ಡ ಬಲವೇ ಬೇಕೆಂದಿಲ್ಲ. ಹಂಚಿಕೊಂಡು, ನಿಲ್ಲಿಸದೆ ಮಾಡಿದರೆ ಹನಿ ನೀರು ಕಂದರ ಕೊರೆಯುತ್ತದೆ, ಪುಟ್ಟ ಕಾಲು ಬೆಟ್ಟ ಹತ್ತುತ್ತದೆ.

ನೀವೂ ಮಾಡಿ ನೋಡಿ

ಮೊಟ್ಟೆಯ ಚಿಪ್ಪನ್ನೋ ಕಡಲ ಚಿಪ್ಪನ್ನೋ ಒಂದು ಲೋಟದಲ್ಲಿ ಹಾಕಿ, ಮುಳುಗುವಷ್ಟು ವಿನೆಗರ್ ಸುರಿಯಿರಿ. ಏಳುವ ಗುಳ್ಳೆಗಳು ಇಂಗಾಲದ ಡೈಆಕ್ಸೈಡ್. ಮಳೆನೀರಿನ ಹುಳಿ ಇದಕ್ಕಿಂತ ಬಹಳ ಕಡಿಮೆ, ಆದ್ದರಿಂದಲೇ ಸುಣ್ಣದ ಕಲ್ಲನ್ನು ಕರಗಿಸಿ ಗುಹೆ ಮಾಡಲು ಅದಕ್ಕೆ ಲಕ್ಷಾಂತರ ವರ್ಷ ಬೇಕಾಯಿತು.

ಇನ್ನೊಂದು ಲೆಕ್ಕ: ನಿಮ್ಮ ಸೈಕಲ್ಲಿನ ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನು ಎಣಿಸಿ, ಹಿಂದಿನದರ ಹಲ್ಲುಗಳಿಂದ ಭಾಗಿಸಿ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಲಿ ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆಂದು ಅಳೆಯಿರಿ. ಎರಡನ್ನೂ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ ನೀವು ಸಾಗುವ ದೂರ ಸಿಗುತ್ತದೆ. ನಿಮ್ಮ ಮನೆಯಿಂದ ಶಾಲೆಗೆ ಎಷ್ಟು ಸುತ್ತು ತುಳಿಯಬೇಕು? ಲೆಕ್ಕ ಹಾಕಿ, ಆಮೇಲೆ ತುಳಿದು ಎಣಿಸಿ, ಎರಡೂ ಹೊಂದುತ್ತವೆಯೇ ನೋಡಿ.