ಇಂಗ್ಲಿಷ್ ತಿದ್ದಿಕೊಳ್ಳಲು ಕನ್ನಡ ವ್ಯಾಕರಣ

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಆಡಿದ ಮಾತುಗಳ ಬರಹರೂಪ)



ಮಕ್ಕಳಿಗೆ ಉಪಯೋಗಕ್ಕೆ ಬರುವಂಥ ಏನಾದರೂ ಹೇಳಿ ಎಂದು ಮಹೋತ್ಸವ ಸಮಿತಿಯವರು ಕೇಳಿದರು. ಸಾಫ್ಟ್‌ವೇರ್ ಕೆಲಸದವನು ಬಂದಿದ್ದಾನೆ, ಕಂಪ್ಯೂಟರ್ ವಿಷಯ ಹೇಳುತ್ತಾನೆ ಎಂದು ನೀವು ಕಾದಿರಬಹುದು. ಇವತ್ತು ನಾನು ಹೇಳುವುದು ವ್ಯಾಕರಣದ ವಿಷಯ. ದಯವಿಟ್ಟು ಯಾರೂ ಎದ್ದು ಹೋಗಬೇಡಿ!

ನಮ್ಮಂಥ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳು ಮುಂದೆ ಸಂದರ್ಶನಕ್ಕೆ ಹೋದಾಗ ಲೆಕ್ಕ ಬರುತ್ತದೆ, ಕೆಲಸ ಗೊತ್ತಿರುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ. ಒಂದು ವಾಕ್ಯ ತಪ್ಪಾದೀತೆಂಬ ಹೆದರಿಕೆಗೆ ಹತ್ತು ವಾಕ್ಯ ನುಂಗಿಕೊಳ್ಳುತ್ತಾರೆ. ಇದಕ್ಕೆಲ್ಲ ಕನ್ನಡವೇ ಅಡ್ಡಿ ಎಂದು ಹೇಳುವವರಿದ್ದಾರೆ. ಆದರೆ ನಮ್ಮ ಇಂಗ್ಲಿಷ್ ತಪ್ಪುಗಳಲ್ಲಿ ಒಂದು ದೊಡ್ಡ ಗುಂಪನ್ನು ತಿದ್ದಿಕೊಳ್ಳುವ ಸಾಧನ ನಿಮ್ಮ ಕನ್ನಡ ವ್ಯಾಕರಣದಲ್ಲೇ ಇದೆ. ಅದನ್ನು ತೋರಿಸುವುದಕ್ಕೇ ನಾನು ನಿಂತಿದ್ದೇನೆ.

ಆ ಗುಂಪು ಯಾವುದೆಂದರೆ, ಕ್ರಿಯಾಪದದ ಬೆನ್ನಿಗೆ ಬೇಡದ ಪ್ರಿಪೊಸಿಷನ್ ಸೇರಿಸುವುದು. ‘ವಿ ಡಿಸ್ಕಸ್ಡ್ ಅಬೌಟ್ ದ ಪ್ರಾಬ್ಲಮ್’, ‘ಹಿ ಎಂಫಸೈಜ್ಡ್ ಆನ್ ಕ್ಲೀನ್ಲಿನೆಸ್’, ‘ಐ ರಿಕ್ವೆಸ್ಟ್ ಫಾರ್ ಲೀವ್’, ‘ಪ್ಲೀಸ್ ಕಾಂಟ್ಯಾಕ್ಟ್ ಟು ದ ಆಫೀಸ್’. ಕಚೇರಿಯ ಮೇಲ್‌ಗಳಲ್ಲಿ, ನೋಟಿಸ್ ಬೋರ್ಡುಗಳಲ್ಲಿ, ಆಮಂತ್ರಣ ಪತ್ರಿಕೆಗಳಲ್ಲಿ ಇಂಥವು ಕಾಣುತ್ತಲೇ ಇರುತ್ತವೆ. ಈ ನಾಲ್ಕರಲ್ಲಿಯೂ ಅಬೌಟ್, ಆನ್, ಫಾರ್, ಟು ಬೇಕಾಗಿಲ್ಲ. ‘ಡಿಸ್ಕಸ್ಡ್ ದ ಪ್ರಾಬ್ಲಮ್’, ‘ಎಂಫಸೈಜ್ಡ್ ಕ್ಲೀನ್ಲಿನೆಸ್’, ‘ರಿಕ್ವೆಸ್ಟ್ ಲೀವ್’, ‘ಕಾಂಟ್ಯಾಕ್ಟ್ ದ ಆಫೀಸ್’ ಎಂದರೆ ಸಾಕು.

ಹಾಗಾದರೆ ಬೇಡದ ಪದ ಎಲ್ಲಿಂದ ಬರುತ್ತದೆ? ನಾವು ಮನಸ್ಸಿನಲ್ಲಿ ಅಂದುಕೊಳ್ಳುವುದು ‘ಸಮಸ್ಯೆಯ ಬಗ್ಗೆ ಚರ್ಚೆ ಮಾಡಿದೆವು’ ಎಂದು. ‘ಬಗ್ಗೆ’ ಎಂಬುದು ‘ಅಬೌಟ್’ ಆಗಿ ಬಂದುಬಿಡುತ್ತದೆ. ‘ಶುಚಿತ್ವದ ಮೇಲೆ ಒತ್ತು ಕೊಟ್ಟರು’ ಎಂಬಲ್ಲಿನ ‘ಮೇಲೆ’ ಎಂಬುದು ‘ಆನ್’ ಆಗುತ್ತದೆ. ‘ರಜೆಗಾಗಿ ವಿನಂತಿ ಮಾಡುತ್ತೇನೆ’ ಎಂಬಲ್ಲಿನ ‘ಗಾಗಿ’ ಎಂಬುದು ‘ಫಾರ್’ ಆಗುತ್ತದೆ.

ಈಗ ಸ್ವಲ್ಪ ಗಮನವಿಟ್ಟು ನೋಡಿ. ಚರ್ಚೆ, ಒತ್ತು, ವಿನಂತಿ ಇವು ಮೂರೂ ನಾಮಪದಗಳು. ಮಾಡು, ಕೊಡು ಸೇರಿಸಿ ಅವುಗಳಿಂದ ಕ್ರಿಯೆಯ ಕೆಲಸ ಮಾಡಿಸಿಕೊಳ್ಳುತ್ತೇವೆ. ಆದರೆ ಕನ್ನಡದಲ್ಲಿ ಇನ್ನೊಂದು ದಾರಿಯೂ ಇದೆ. ‘ಚರ್ಚೆ ಮಾಡು’ ಎನ್ನುವ ಬದಲು ‘ಚರ್ಚಿಸು’ ಎನ್ನಿ. ಆಗ ‘ಸಮಸ್ಯೆಯನ್ನು ಚರ್ಚಿಸಿದೆವು’ ಎಂದಾಗುತ್ತದೆ, ‘ಬಗ್ಗೆ’ ಬಿಟ್ಟುಹೋಯಿತು. ‘ಒತ್ತು ಕೊಡು’ ಬದಲು ‘ಒತ್ತಿ ಹೇಳು’ ಎನ್ನಿ: ‘ಶುಚಿತ್ವವನ್ನು ಒತ್ತಿ ಹೇಳಿದರು’. ‘ವಿನಂತಿ ಮಾಡು’ ಬದಲು ‘ಕೋರು’ ಎನ್ನಿ: ‘ರಜೆಯನ್ನು ಕೋರುತ್ತೇನೆ’. ‘ಕಚೇರಿಗೆ ಸಂಪರ್ಕ ಮಾಡಿ’ ಬದಲು ‘ಕಚೇರಿಯನ್ನು ಸಂಪರ್ಕಿಸಿ’. ಎಲ್ಲ ಕಡೆ ‘ಅನ್ನು’ ಬಂತು. ಅಂದರೆ ದ್ವಿತೀಯಾ ವಿಭಕ್ತಿ, ಸಕರ್ಮಕ ಕ್ರಿಯಾಪದ. ಇವೆರಡನ್ನೂ ನಿಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದಾರೆ.

ಇಂಗ್ಲಿಷಿನಲ್ಲೂ ಇದೇ ಲೆಕ್ಕ. ನಾಮಪದವಾದರೆ ಪ್ರಿಪೊಸಿಷನ್ ಬೇಕು: ‘ಎ ಡಿಸ್ಕಷನ್ ಅಬೌಟ್ ದ ಪ್ರಾಬ್ಲಮ್’, ‘ಎಂಫಸಿಸ್ ಆನ್ ಕ್ಲೀನ್ಲಿನೆಸ್’, ‘ಎ ರಿಕ್ವೆಸ್ಟ್ ಫಾರ್ ಲೀವ್’. ಇವೆಲ್ಲ ಸರಿ. ಅದೇ ಕ್ರಿಯಾಪದವಾದರೆ ಬೇಡ. ನಾಮಪದಕ್ಕೆ ಸೇರಬೇಕಾದದ್ದನ್ನು ತಂದು ಕ್ರಿಯಾಪದಕ್ಕೆ ಅಂಟಿಸುವುದೇ ಇಲ್ಲಿಯ ತಪ್ಪು. ನಮ್ಮ ಕೆಲಸದಲ್ಲಿ ದಿನಾ ಬರುವ ಪದ ‘ಆಕ್ಸೆಸ್’. ‘ಐ ಹ್ಯಾವ್ ಆಕ್ಸೆಸ್ ಟು ದ ಫೈಲ್’ ಸರಿ, ಅಲ್ಲಿ ಆಕ್ಸೆಸ್ ನಾಮಪದ. ‘ಐ ಕೆನಾಟ್ ಆಕ್ಸೆಸ್ ಟು ದ ಫೈಲ್’ ತಪ್ಪು, ಇಲ್ಲಿ ಅದು ಕ್ರಿಯಾಪದ. ‘ಆನ್ಸರ್’ ಕೂಡ ಹಾಗೆಯೇ. ‘ದ ಆನ್ಸರ್ ಟು ದ ಕ್ವೆಶ್ಚನ್’ ಎನ್ನಬೇಕು, ಆದರೆ ‘ಆನ್ಸರ್ ದ ಕ್ವೆಶ್ಚನ್’ ಎನ್ನಬೇಕು.

ಕನ್ನಡದಲ್ಲಿ ‘ಅನ್ನು’ ಎಂಬ ಪ್ರತ್ಯಯ ಕಣ್ಣಿಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅಂಥದ್ದು ಕಾಣುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ನಮ್ಮಂತೆಯೇ ವಿಭಕ್ತಿಗಳಿದ್ದವು. ಕಾಲಕ್ರಮೇಣ ಅವು ಹೆಚ್ಚುಕಡಿಮೆ ಸವೆದುಹೋದವು. ‘ಹಿ’ ಎಂಬುದು ‘ಹಿಮ್’, ‘ಹೂ’ ಎಂಬುದು ‘ಹೂಮ್’ ಆಗುವಂಥ ಕಡೆ ಗುರುತು ಉಳಿದಿದೆ. ಈಗ ಆ ಕೆಲಸವನ್ನು ಪದದ ಸ್ಥಾನವೇ ಮಾಡುತ್ತದೆ. ಕ್ರಿಯಾಪದದ ನಂತರ ನೇರವಾಗಿ ಕೂರುವ ಪದವೇ ಕರ್ಮಪದ. ಆ ಜಾಗವೇ ಇಂಗ್ಲಿಷಿನ ‘ಅನ್ನು’. ನಾವು ಬಿಟ್ಟ ಸ್ಥಳ ತುಂಬಿ ತುಂಬಿ, ಪ್ರತಿ ಖಾಲಿ ಜಾಗಕ್ಕೂ ಏನಾದರೂ ಬರಲೇಬೇಕು ಎಂದುಕೊಂಡಿರುತ್ತೇವೆ. ಖಾಲಿ ಬಿಡುವುದೂ ಒಂದು ಸರಿಯುತ್ತರ.

ಆದ್ದರಿಂದ ಅನುಮಾನ ಬಂದಾಗ ಕನ್ನಡದಲ್ಲಿ ಒಂದೇ ಕ್ರಿಯಾಪದ ಹುಡುಕಿ, ‘ಏನನ್ನು? ಯಾರನ್ನು?’ ಎಂದು ಕೇಳಿಕೊಳ್ಳಿ. ಊರನ್ನು ತಲುಪಿದೆ: ‘ರೀಚ್’ ನಂತರ ‘ಟು’ ಬೇಡ. ಕೋಣೆಯನ್ನು ಪ್ರವೇಶಿಸಿದ: ‘ಎಂಟರ್’ ನಂತರ ‘ಇನ್‌ಟು’ ಬೇಡ. ತಂದೆಯನ್ನು ಹೋಲುತ್ತಾಳೆ: ‘ರಿಸೆಂಬಲ್’ ನಂತರ ‘ಟು’ ಬೇಡ. ಅವಳನ್ನು ಮದುವೆಯಾದ: ‘ಮ್ಯಾರಿ’ ನಂತರ ‘ವಿತ್’ ಬೇಡ.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಹಾಡನ್ನು ಕೇಳುತ್ತೇವೆ, ಬಸ್ಸನ್ನು ಕಾಯುತ್ತೇವೆ, ಚಿತ್ರವನ್ನು ನೋಡುತ್ತೇವೆ. ಇಂಗ್ಲಿಷಿನಲ್ಲಿ ‘ಲಿಸನ್ ಟು’, ‘ವೇಟ್ ಫಾರ್’, ‘ಲುಕ್ ಆಟ್’ ಎಂದೇ ಆಗಬೇಕು. ಇನ್ನು ಕೆಲವು ತಿರುಗುಮುರುಗು. ನಾವು ಅವನಿಗೆ ಸಹಾಯ ಮಾಡುತ್ತೇವೆ, ಅವನಿಗೆ ಹೇಳುತ್ತೇವೆ, ಇಂಗ್ಲಿಷಿನಲ್ಲಿ ಮಾತ್ರ ‘ಹೆಲ್ಪ್ ಹಿಮ್’, ‘ಟೆಲ್ ಹಿಮ್’. ಆದರೆ ‘ಎಕ್ಸ್‌ಪ್ಲೇನ್’ ಬಂದಾಗ ‘ಎಕ್ಸ್‌ಪ್ಲೇನ್ ಇಟ್ ಟು ಹಿಮ್’ ಎನ್ನಬೇಕು, ‘ರಿಪ್ಲೈ’ ಬಂದಾಗ ‘ರಿಪ್ಲೈ ಟು ದ ಲೆಟರ್’ ಎನ್ನಬೇಕು. ಬೇಡದ್ದನ್ನು ತೆಗೆಯುವ ಉತ್ಸಾಹದಲ್ಲಿ ಬೇಕಾದದ್ದನ್ನೂ ಕಿತ್ತುಹಾಕಬಾರದು. ನೀವೆಲ್ಲ ಬರೆಯುವ ರಜಾ ಅರ್ಜಿಯಲ್ಲಿನ ‘ಐ ರಿಕ್ವೆಸ್ಟ್ ಯೂ ಟು ಗ್ರಾಂಟ್ ಮಿ ಲೀವ್’ ಎಂಬ ವಾಕ್ಯ ಸರಿಯಾಗಿಯೇ ಇದೆ. ಅಲ್ಲಿನ ‘ಟು’ ಮುಂದಿನ ‘ಗ್ರಾಂಟ್’ ಕ್ರಿಯಾಪದಕ್ಕೆ ಸೇರಿದ್ದು. ಅದನ್ನು ಮುಟ್ಟಬೇಡಿ.

ಒಂದು ಸಣ್ಣ ಪದದಿಂದ ಏನಾದೀತು ಎನ್ನಬಹುದು. ‘ಡಿಸ್ಕಸ್ ಅಬೌಟ್’ ಎಂದರೂ ಎದುರಿನವರಿಗೆ ಅರ್ಥವಾಗುತ್ತದೆ, ನಿಜ. ಆದರೆ ಕೆಲವು ಕಡೆ ಅರ್ಥವೇ ಬೇರೆಯಾಗುತ್ತದೆ. ‘ಸರ್ಚ್ ದ ಬ್ಯಾಗ್’ ಎಂದರೆ ಚೀಲದೊಳಗೆ ಹುಡುಕು, ‘ಸರ್ಚ್ ಫಾರ್ ದ ಬ್ಯಾಗ್’ ಎಂದರೆ ಚೀಲವೇ ಕಳೆದಿದೆ, ಅದನ್ನು ಹುಡುಕು. ‘ಅಟೆಂಡ್ ದ ಮೀಟಿಂಗ್’ ಎಂದರೆ ಸಭೆಗೆ ಹಾಜರಾಗು, ‘ಅಟೆಂಡ್ ಟು ದ ಪೇಷಂಟ್’ ಎಂದರೆ ರೋಗಿಯ ಆರೈಕೆ ನೋಡು. ‘ಎಂಟರ್ ದ ರೂಮ್’ ಎಂದರೆ ಕೋಣೆಯೊಳಗೆ ಹೋಗು, ‘ಎಂಟರ್ ಇನ್‌ಟು ಆ್ಯನ್ ಅಗ್ರಿಮೆಂಟ್’ ಎಂದರೆ ಒಪ್ಪಂದ ಮಾಡಿಕೋ. ಕಂಪ್ಯೂಟರಿಗೆ ಸೂಚನೆ ಬರೆಯುವಾಗ ಒಂದು ಚಿಹ್ನೆ ಹೆಚ್ಚಾದರೂ ಅದು ಮುಂದೆ ಹೋಗುವುದಿಲ್ಲ. ಮನುಷ್ಯರು ಹಾಗಲ್ಲ, ತಪ್ಪಿದ್ದರೂ ಅರ್ಥಮಾಡಿಕೊಂಡು ಮುಂದೆ ಹೋಗುತ್ತಾರೆ. ಅದಕ್ಕೇ ನಮ್ಮ ತಪ್ಪು ನಮಗೆ ತಿಳಿಯದೆ ಉಳಿದುಬಿಡುತ್ತದೆ.

ಹಾಗೆಂದು ಯಾರಾದರೂ ಇಂಥದ್ದೊಂದು ತಪ್ಪು ಆಡಿದಾಗ ನಗಬೇಡಿ. ಇಂಗ್ಲಿಷ್ ಮನೆಮಾತಾದವರಲ್ಲೇ ಈ ವಿಷಯದಲ್ಲಿ ಒಮ್ಮತವಿಲ್ಲ. ಬ್ರಿಟನ್ನಿನವರು ‘ರೈಟ್ ಟು ಮಿ’ ಎನ್ನುವಲ್ಲಿ ಅಮೆರಿಕದವರು ‘ರೈಟ್ ಮಿ’ ಎನ್ನುತ್ತಾರೆ. ಬ್ರಿಟನ್ನಿನವರು ‘ಪ್ರೊಟೆಸ್ಟ್ ಅಗೇನ್ಸ್ಟ್ ದ ಡಿಸಿಷನ್’ ಎಂದರೆ ಅಮೆರಿಕದಲ್ಲಿ ‘ಪ್ರೊಟೆಸ್ಟ್ ದ ಡಿಸಿಷನ್’ ಎಂಬುದೂ ನಡೆಯುತ್ತದೆ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ. ಎಡಗಡೆ ನಾಮಪದ ಮತ್ತು ಅದರ ಪ್ರಿಪೊಸಿಷನ್, ಬಲಗಡೆ ಕ್ರಿಯಾಪದ ಒಂದೇ. ಕೆಳಗೆ ಕನ್ನಡದಲ್ಲಿ ‘ಚರ್ಚೆ ಮಾಡು’, ‘ಚರ್ಚಿಸು’ ಎಂಬಂತೆ ಜೋಡಿ ಬರೆಯಿರಿ. ದಿನಕ್ಕೆ ಒಂದು ಜೋಡಿ ಬರೆದರೂ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ನೂರು ದಾಟುತ್ತದೆ. ಮಾತಾಡುವಾಗ ಮಾತ್ರ ಇದನ್ನೆಲ್ಲ ಯೋಚಿಸುತ್ತ ನಿಲ್ಲಬೇಡಿ. ಮೊದಲು ಮಾತಾಡಿ, ಬರೆದಾಗ ತಿದ್ದಿಕೊಳ್ಳಿ. ಬಾಯಿ ಮುಚ್ಚಿ ಕೂತವರ ತಪ್ಪನ್ನು ಯಾವ ವ್ಯಾಕರಣವೂ ತಿದ್ದಲಾರದು.

ಕನ್ನಡ ವ್ಯಾಕರಣದ ಪಿರಿಯಡ್‌ನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತವರೇ, ಆ ಪಾಠ ನಿಮಗೆ ಇಂಗ್ಲಿಷನ್ನೂ ಕಲಿಸುತ್ತದೆ ಎಂಬುದನ್ನು ನೆನಪಿಡಿ.