ಉಪ್ಪುನೀರಿನ ಕಾಡಿಗೂ ಸಿಹಿನೀರು ಬೇಕು

(ವಕ್ಕಲೇರಿಯ ರೈತರ ಕೂಟದಲ್ಲಿ ಮಾಡಿದ ಭಾಷಣ)



ಕಡಲು ಕಾಣದ ಕೋಲಾರ ಸೀಮೆಯಲ್ಲಿ ಕಡಲಂಚಿನ ಕಾಂಡ್ಲಾ ಕಾಡಿನ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಹೊಲದ ಚೌಳಿಗೂ ಆ ಕಾಡಿನ ಕಷ್ಟಕ್ಕೂ ಮೂಲ ಒಂದೇ: ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ.

ಸಿಂಧೂ ನದಿ ಕಡಲು ಸೇರುವ ಮುಖಜ ಭೂಮಿಯನ್ನು ನೋಡಿ. ಪಾಕಿಸ್ತಾನದ ಕರಾಚಿಯಿಂದ ಪೂರ್ವಕ್ಕೆ ಹಬ್ಬಿದ ಆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿ.ಮೀ. ಮಳೆ ಸಾಲದೆಂದು ನಾವು ಕೊರಗುವ ಈ ಜಿಲ್ಲೆಯಲ್ಲೇ ಅದರ ಮೂರರಷ್ಟಕ್ಕಿಂತ ಹೆಚ್ಚು ಬೀಳುತ್ತದೆ. ಆದ್ದರಿಂದ ಅಲ್ಲಿ ಉಪ್ಪನ್ನು ತೊಳೆಯುವ ಕೆಲಸ ಹೊಳೆಯದು. ಹಿಮ ಕರಗಿದ ನೀರೂ ಮುಂಗಾರಿನ ನೆರೆಯೂ ಕೂಡಿ ಬಂದು ಸಿಹಿನೀರನ್ನೂ ಮೆಕ್ಕಲನ್ನೂ ತುಂಬುತ್ತಿದ್ದವು. 1955ರಲ್ಲಿ ಕೋಟ್ರಿ ಬ್ಯಾರೇಜು, 1976ರಲ್ಲಿ ತರ್ಬೇಲಾ ಅಣೆಕಟ್ಟು ಆದವು. ನೀರು ಹೊಲಗಳಿಗೆ ತಿರುಗಿತು, ಮಣ್ಣು ಜಲಾಶಯದಲ್ಲಿ ಕೂತಿತು. ಕೆರೆಯಲ್ಲಿ ಗೋಡು ತುಂಬುವುದನ್ನು ಕಂಡ ತಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಕ್ಕಲು ಬಾರದ ದಂಡೆಯನ್ನು ಕಡಲು ಕೊರೆಯಿತು. ಉಪ್ಪುನೀರು ಒಳಕ್ಕೆ ನುಗ್ಗಿ ಭತ್ತದ ಗದ್ದೆಗಳೂ ಕೆಟ್ಟವು.

ಅಲ್ಲಿ ತಾನಾಗಿ ಉಳಿದದ್ದು ಬಹುಮಟ್ಟಿಗೆ ಅವಿಸೆನ್ನಿಯಾ ಎಂಬ ಒಂದೇ ಜಾತಿ. ಹೀರಿದ ಉಪ್ಪನ್ನು ಅದು ಎಲೆಯ ಮೂಲಕ ಹೊರಹಾಕುತ್ತದೆ. ಬಿಸಿಲಿಗೆ ಎಲೆಯ ಮೇಲೆ ಹರಳು ಕಾಣುತ್ತದೆ. ಗಾಳಿಗಾಗಿ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚುತ್ತದೆ. ಇಷ್ಟು ಗಟ್ಟಿ ಗಿಡವೂ ಉಪ್ಪು ಮಿತಿಮೀರಿದಲ್ಲಿ ಗಿಡ್ಡವಾಗುತ್ತದೆ. ಉಪ್ಪನ್ನು ತಾಳಬಲ್ಲದು ಎಂದ ಮಾತ್ರಕ್ಕೆ ಉಪ್ಪೇ ಅದಕ್ಕೆ ಆಹಾರವೆಂದು ತಿಳಿಯಬಾರದು. ಸಿಂಧ್ ಅರಣ್ಯ ಇಲಾಖೆ ರೈಜೋಫೊರಾ ಗಿಡಗಳನ್ನೂ ನೆಟ್ಟು ಕಾಡನ್ನು ಮತ್ತೆ ಹೆಚ್ಚಿಸಿದೆ. ಒಳ್ಳೆಯ ಕೆಲಸವೇ, ಆದರೆ ನೆಟ್ಟ ಸಸಿ ಹೊಳೆಯ ನೀರಿಗೆ ಬದಲಿಯಾಗದು.

ನಮ್ಮ ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಸ್ಥಿತಿ ಬೇರೆ. ಹೊಳೆಗೆ ಅಣೆಕಟ್ಟಿಲ್ಲ, ಮಳೆ ಧಾರಾಳ, ಕಾಂಡ್ಲಾ ಜಾತಿಗಳೂ ಹಲವು. ಮಗ್ಗುಲ ಗಜನಿ ಗದ್ದೆಗಳ ಉಪ್ಪನ್ನು ಮುಂಗಾರು ತೊಳೆದ ಮೇಲೆ ಅಲ್ಲಿನ ರೈತರು ಕಗ್ಗ ಭತ್ತ ಬಿತ್ತುತ್ತಾರೆ. ಅದು ಉಪ್ಪು ತಾಳುವ ತಳಿ. ಆದರೂ ಆ ತೊಳೆತಕ್ಕೆ ಕಾಯಲೇಬೇಕು.

ಕಡಲು ಸೇರಿದ ನೀರೆಲ್ಲ ದಂಡ ಎನ್ನುವ ಮಾತು ನಮ್ಮಲ್ಲಿ ಬಹಳ. ನಮ್ಮ ದಕ್ಷಿಣ ಪಿನಾಕಿನಿ ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ಆ ತುದಿಯ ರೈತರನ್ನೂ ಬೆಸ್ತರನ್ನೂ ಕೇಳದೆ ಹೀಗೆ ತೀರ್ಮಾನಿಸುವುದು ಸರಿಯಲ್ಲ.

ಇನ್ನು ನಮ್ಮ ಚೌಳು. ಬಸಿಗಾಲುವೆ ಇಲ್ಲದ ತಗ್ಗಿನಲ್ಲಿ ನೀರು ಎಷ್ಟು ಕಟ್ಟಿದರೂ ಉಪ್ಪು ಹೊರಹೋಗದು. ಮೊದಲು ಬಸಿಗಾಲುವೆ ತೋಡಿ, ಬದು ಕಟ್ಟಿ ಮಳೆನೀರು ನಿಲ್ಲಿಸಿ ಇಳಿಯಬಿಡಿ. ಜಿಪ್ಸಂ ಬೇಕಾಗುವುದು ಕ್ಷಾರ ಭೂಮಿಗೆ; ಎಷ್ಟೆಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತಿಳಿಯಿರಿ.