ಕಾಳು ಕಾರ್ಖಾನೆಗೆ ಹೋದರೆ ಕೊಟ್ಟಿಗೆಗೆ ಏನು?

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ನೀಡಿದ ಉಪನ್ಯಾಸ)



ನಮ್ಮ ನಾಡಿನ ಉತ್ತರ ಭಾಗದಲ್ಲಿ ಮೆಕ್ಕೆಜೋಳಕ್ಕೆ ಗೋವಿನಜೋಳ ಎಂದೇ ಹೆಸರು. ಹಳೆ ಮೈಸೂರು ಕಡೆ ಮುಸುಕಿನ ಜೋಳ ಎನ್ನುತ್ತೇವೆ. ಇದರ ಕಾಳು ಕೋಳಿ ಮತ್ತು ದನಗಳ ಆಹಾರಕ್ಕೆ ಹೋಗುತ್ತಿತ್ತು, ದಂಟು ಗೋದಲಿಗೆ ಬೀಳುತ್ತಿತ್ತು. ಈಗ ಕಾಳಿಗೆ ಇನ್ನೊಬ್ಬ ಗಿರಾಕಿ ಬಂದಿದ್ದಾನೆ. ಪೆಟ್ರೋಲಿಗೆ ಬೆರೆಸುವ ಎಥನಾಲ್ ತಯಾರಿಸುವ ಕಾರ್ಖಾನೆಯೇ ಆ ಗಿರಾಕಿ. ಹೊಲವೆಲ್ಲ ಅವನಿಗಾಗಿಯೇ ಬಿತ್ತಬಹುದೇ ಎಂಬುದು ಇಂದಿನ ವಿಷಯ.

ದೇಶದಲ್ಲಿ ಪೆಟ್ರೋಲಿಗೆ ಶೇ. 5ರಷ್ಟು ಎಥನಾಲ್ ಬೆರೆಸುವ ಕಾರ್ಯಕ್ರಮ ಕೆಲವು ರಾಜ್ಯಗಳಲ್ಲಿ 2003ರಲ್ಲಿ ಆರಂಭವಾಯಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ಕ್ಕೆ ಶೇ. 20ರ ಗುರಿ ಇಟ್ಟಿತು. 2022ರಲ್ಲಿ ಆ ಗುರಿಯನ್ನು 2025-26ಕ್ಕೆ ಹಿಂದಕ್ಕೆ ತರಲಾಯಿತು. ಮೊದಲು ಇದು ಮುಖ್ಯವಾಗಿ ಕಬ್ಬಿನ ಕಾಕಂಬಿಯಿಂದ ಆಗುತ್ತಿತ್ತು. 2023ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ಜುಲೈನಲ್ಲಿ ಆಹಾರ ನಿಗಮದ ಅಕ್ಕಿಯನ್ನು ಎಥನಾಲಿಗೆ ಕೊಡುವುದು ನಿಂತಿತು. ಡಿಸೆಂಬರಿನಲ್ಲಿ ಕಬ್ಬಿನ ರಸಕ್ಕೂ ನಿರ್ಬಂಧ ಬಂತು. ಹೊರೆಯೆಲ್ಲ ಮೆಕ್ಕೆಜೋಳದ ಮೇಲೆ ಬಿತ್ತು. ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ದೇಶವು 2024ರಲ್ಲಿ ಅದನ್ನು ಆಮದು ಮಾಡಿಕೊಳ್ಳಬೇಕಾಯಿತು. ಕಾಳು ಬೆಳೆದವರಿಗೆ ಒಳ್ಳೆಯ ಬೆಲೆ ದೊರೆಯಿತು. ಆದರೆ ಪಶು ಆಹಾರಕ್ಕೆ ಬೇಕಾದ ಕಾಳೂ ಅದೇ ಆದ್ದರಿಂದ ಹಿಂಡಿ, ಬೂಸಾ ಕೊಳ್ಳುವವರಿಗೆ ಬಿಸಿ ತಟ್ಟಿತು.

ಆ ಬೆಲೆಯನ್ನು ನಂಬಿ ಹಲವರು ಹೆಚ್ಚು ಬಿತ್ತಿದರು. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಇತ್ತು. ಆದರೂ 2025ರ ಸುಗ್ಗಿಯಲ್ಲಿ ಪೇಟೆ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು, ಹಾವೇರಿ, ಗದಗ ಕಡೆಯ ರೈತರು ಬೀದಿಗಿಳಿಯಬೇಕಾಯಿತು. ಕಾರ್ಖಾನೆ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಬೇಡಿಕೆ ನಮ್ಮ ಕೈಯಲ್ಲಿಲ್ಲ. ಹಸುವಿನ ಹಸಿವು ಮಾತ್ರ ವರ್ಷವಿಡೀ ಒಂದೇ ಸಮನಾಗಿರುತ್ತದೆ. ಆದುದರಿಂದ ಮೊದಲು ಮನೆಯ ಮತ್ತು ಕೊಟ್ಟಿಗೆಯ ಪಾಲು ತೆಗೆದಿಡಿ, ಉಳಿದ ಹೊಲದಲ್ಲಿ ಮಾರಾಟದ ಬೆಳೆ ಇಡಿ.

ಈ ಪಾಲು ಎಷ್ಟೆಂದು ಲೆಕ್ಕ ಹಾಕೋಣ. ಹಾಲು ಕೊಡುವ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 20ರಿಂದ 25 ಕಿಲೋ ಹಸಿರು ಮೇವು, 5ರಿಂದ 6 ಕಿಲೋ ಒಣ ಮೇವು ಬೇಕು. ಎರಡು ಹಸುಗಳಿದ್ದರೆ ವರ್ಷಕ್ಕೆ ಸುಮಾರು 40 ಕ್ವಿಂಟಾಲ್ ಒಣ ಹುಲ್ಲಾಯಿತು. ರಾಗಿ ಬಿಟ್ಟು ಪೂರ್ತಿ ಮೆಕ್ಕೆಜೋಳ ಹಾಕಿದ ಮನೆಯವರು ರಾಗಿಯನ್ನೂ ಕೊಳ್ಳಬೇಕು, ರಾಗಿ ಹುಲ್ಲನ್ನೂ ಕೊಳ್ಳಬೇಕು. ಬೇಸಿಗೆಯಲ್ಲಿ ಹುಲ್ಲಿನ ಬೆಲೆ ಏರಿದಾಗ ಕಾಳಿನ ಹಣ ಹುಲ್ಲಿಗೇ ಹೋಗುತ್ತದೆ. ಹುಲ್ಲು ಸಾಲದೆ ಹಸು ಸೊರಗಿದರೆ ಹಾಲೂ ಇಳಿಯುತ್ತದೆ, ಬೆದೆಗೆ ಬರುವುದೂ ತಡವಾಗುತ್ತದೆ. ಬೆಳೆಯ ಲಾಭ ನಷ್ಟ ನೋಡುವಾಗ ಇದನ್ನೂ ಲೆಕ್ಕಕ್ಕೆ ಸೇರಿಸಿ.

ಮೆಕ್ಕೆಜೋಳ ಬೆಳೆಯುವವರು ಈ ಅಂಶಗಳನ್ನು ಗಮನದಲ್ಲಿಡಿ:

1. ತೆನೆ ಮುರಿದ ಮೇಲೆ ದಂಟನ್ನು ಹೊಲದಲ್ಲೇ ಒಣಗಲು ಬಿಡಬೇಡಿ, ಬೆಂಕಿಯನ್ನಂತೂ ಹಾಕಲೇಬೇಡಿ. ಹಸಿರು ಇರುವಾಗಲೇ ಕೊಯ್ದು, ಒಣಗಿಸಿ, ಬಣವೆ ಹಾಕಿ. ಮೇವು ಕತ್ತರಿಸುವ ಯಂತ್ರದಿಂದ ಸಣ್ಣಗೆ ಕತ್ತರಿಸಿ ಕೊಟ್ಟರೆ ಗೋದಲಿಯಲ್ಲಿ ಉಳಿಯುವುದು ಕಡಿಮೆ.

2. ಹೊಲದ ಒಂದು ಭಾಗವನ್ನು ರಸಮೇವಿಗೆ ಮೀಸಲಿಡಿ. ಕಾಳು ಹಾಲುದುಂಬಿ ಗಟ್ಟಿಯಾಗುತ್ತಿರುವಾಗ ಇಡೀ ಗಿಡ ಕೊಯ್ದು, ಕತ್ತರಿಸಿ, ಗುಂಡಿ ಅಥವಾ ಚೀಲದಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಬೇಕು. ಬೇಸಿಗೆಗೆ ಇದೇ ಹಸಿರು ಮೇವು.

3. ನೀರಿದ್ದವರು 10 ಗುಂಟೆಯಲ್ಲಿ ಹೈಬ್ರಿಡ್ ನೇಪಿಯರ್ ಬೆಳೆದರೆ ಎರಡು ಹಸುಗಳಿಗೆ ಬೇಕಾದ ಹಸಿರು ಮೇವಿನ ಬಹುಪಾಲು ಅಲ್ಲೇ ಸಿಗುತ್ತದೆ. ಜೊತೆಗೆ ಅಲಸಂದೆಯನ್ನೂ ಬೆಳೆಯಿರಿ.

ಇನ್ನು ಕಾರ್ಖಾನೆಯಿಂದ ಹಿಂದಿರುಗಿ ಬರುವ ಪದಾರ್ಥದ ಬಗ್ಗೆ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 370ರಿಂದ 380 ಲೀಟರ್ ಎಥನಾಲ್ ಬರುತ್ತದೆ, ಸುಮಾರು 300 ಕಿಲೋ ಒಣ ಉಳಿಕೆ ಸಿಗುತ್ತದೆ. ಇದನ್ನೇ ಡಿ.ಡಿ.ಜಿ.ಎಸ್. ಎಂದು ಮಾರುತ್ತಾರೆ. ಕಾಳಿನ ಪಿಷ್ಟವೆಲ್ಲ ಇಂಧನವಾಗಿ ಹೋಗಿರುತ್ತದೆ. ಸಸಾರಜನಕ, ಕೊಬ್ಬು, ನಾರು ಉಳಿದಿರುತ್ತವೆ. ಆದ್ದರಿಂದ ಇದನ್ನು ಹಿಂಡಿಯ ಒಂದು ಭಾಗದ ಬದಲಿಗೆ ಬಳಸಬಹುದು, ಜೋಳದ ಕಾಳಿನ ಬದಲಿಗಲ್ಲ. ದಾಣಿ ಮಿಶ್ರಣದ ಐದನೇ ಒಂದು ಭಾಗ ಮೀರಬಾರದು. ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಏರಿಸಿ ರೂಢಿ ಮಾಡಿಸಿ.

ಒಂದು ಎಚ್ಚರಿಕೆ. ಬೂಷ್ಟು ಹಿಡಿದ ಕಾಳಿನ ವಿಷ ಭಟ್ಟಿ ಇಳಿಸಿದರೆ ಹೋಗುವುದಿಲ್ಲ, ಉಳಿಕೆಯಲ್ಲಿ ಸುಮಾರು ಮೂರು ಪಟ್ಟು ಸಾಂದ್ರವಾಗುತ್ತದೆ. ಅಫ್ಲಾಟಾಕ್ಸಿನ್ ಎಂಬ ಈ ವಿಷ ಹಸುವಿನ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ನಾಶವಾಗುವುದಿಲ್ಲ. ಹಾಲಿನಲ್ಲಿ ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ಕಾನೂನಿದೆ. ಮುಗ್ಗಲು ವಾಸನೆಯ, ಗಂಟುಗಟ್ಟಿದ ಮಾಲನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಹೊಲ ಕೇಳದ ಇಂಧನದ ಬೆಳೆಯೂ ಇದೆ. ಬದುವಿನಲ್ಲಿ, ಬೇಲಿಯಲ್ಲಿ ಬೆಳೆಯುವ ಹೊಂಗೆ ಅಂಥದು. ಹಾಸನದ ಬಳಿಯ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆ, ಬೇವು, ಹಿಪ್ಪೆ ಮುಂತಾದ ಎಣ್ಣೆಬೀಜದ ಮರಗಳ ಕುರಿತು ಕೆಲಸ ನಡೆದಿದೆ. ಬೀಜದ ಎಣ್ಣೆ ಇಂಧನಕ್ಕೆ, ಸೊಪ್ಪು ಮತ್ತು ಹಿಂಡಿ ಗೊಬ್ಬರಕ್ಕೆ ಆಗುತ್ತವೆ. ಹೊಂಗೆ ಹಿಂಡಿಯನ್ನು ದನಗಳಿಗೆ ತಿನ್ನಿಸಬೇಡಿ. ಜಟ್ರೋಫಾ ಹಿಂಡಿಯಂತೂ ವಿಷ.

ಬಂಧುಗಳೇ, ಮುಂಗಾರು ಬಿತ್ತನೆಗೆ ಮೊದಲು ಮನೆಯವರೆಲ್ಲ ಕುಳಿತು ಒಂದು ಹಾಳೆಯಲ್ಲಿ ಬರೆಯಿರಿ: ಮನೆಗೆ ಎಷ್ಟು ರಾಗಿ, ಕೊಟ್ಟಿಗೆಗೆ ಎಷ್ಟು ಹುಲ್ಲು, ಅದಕ್ಕೆ ಎಷ್ಟು ಗುಂಟೆ. ದಿನವೂ ಮೇವು ಹಾಕಿ ಹಾಲು ಕರೆಯುವ ಹೆಣ್ಣುಮಕ್ಕಳನ್ನು ಕೇಳಿಯೇ ಈ ಲೆಕ್ಕ ಬರೆಯಿರಿ. ಉಳಿದ ಭೂಮಿಯಲ್ಲಿ ಕಾರ್ಖಾನೆಗೆ ಧಾರಾಳವಾಗಿ ಬೆಳೆಯಿರಿ. ಮೇವಿನ ಬೆಳೆಗಳ ಬಗ್ಗೆ ಹೆಚ್ಚಿನ ಮಾಹಿತಿಯನ್ನು ನಿಮ್ಮ ಸಂಘದ ಕಾರ್ಯದರ್ಶಿಗಳ ಮೂಲಕ ಕೇಳಿ ಪಡೆಯಬಹುದು.